ಮಳೆಗೆ ಅನ್ವಯಿಸದ ವಾರಂಟಿ

ಗೋಡೆಗೆ ಜಲನಿರೋಧಕ ಹಚ್ಚುವವರು ಕೊಟ್ಟ ವಾರಂಟಿ ಕಾರ್ಡು ಚೆಂದವಾಗಿದೆ. ಎರಡೂ ಕಡೆ ಲ್ಯಾಮಿನೇಷನ್, ಮೇಲೆ '10 ವರ್ಷ' ಎಂದು ಬಂಗಾರದ ಬಣ್ಣದ ಅಕ್ಷರ, ಪಕ್ಕದಲ್ಲಿ ಕೊಡೆ ಹಿಡಿದು ನಗುತ್ತಿರುವ ಒಂದು ಮನೆಯ ಚಿತ್ರ. ಹಿಂದೆ ತಿರುಗಿಸಿದರೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಷರತ್ತುಗಳು. ಬಿರುಕಿನಿಂದ ಇಳಿದ ನೀರಿಗೆ ವಾರಂಟಿ ಇಲ್ಲ. ನೆಲದಿಂದ ಏರಿದ ತೇವಕ್ಕೆ ಇಲ್ಲ. ಪೈಪು ಒಡೆದು ಸೋರಿದ್ದಕ್ಕೂ ಇಲ್ಲ. ಕಡೆಯ ಸಾಲು: 'ಅತಿವೃಷ್ಟಿ, ಪ್ರವಾಹ ಮುಂತಾದ ಪ್ರಕೃತಿ ವಿಕೋಪಗಳಿಗೆ ಅನ್ವಯಿಸುವುದಿಲ್ಲ.' ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಇರುವ ಜಿಲ್ಲೆಯಲ್ಲಿ ಇಂಥ ಕಾರ್ಡು ಕೊಡುವುದೆಂದರೆ, ಕಂಬಳಿಕೊಪ್ಪೆ ಮಾರುವವನು 'ಬಿಸಿಲಲ್ಲಿ ಮಾತ್ರ ಹಾಕಿಕೊಳ್ಳಿ' ಅಂದ ಹಾಗೆ.

ತುಂಗೆ ಏರಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂದರೆ ಶಿವಮೊಗ್ಗದವರು ನೋಡಲು ಹೋಗುತ್ತಾರೆ, ಬಾಗಿನ ಬಿಡುತ್ತಾರೆ, ಫೋಟೊ ಹೊಡೆಯುತ್ತಾರೆ. ಅದೇ ಹೊತ್ತಿಗೆ ಕರೆಂಟ್ ಕಂಬಕ್ಕೆ ಬ್ಯಾನರ್ ಏರುತ್ತದೆ: 'ಗೋಡೆ ಥಂಡಿಯೇ? ಎರಡೇ ದಿನದಲ್ಲಿ ಪರಿಹಾರ!' ಬೇಸಿಗೆಯಲ್ಲಿ ಇದೇ ನಂಬರಿನವರು ಪಿಒಪಿ ಸೀಲಿಂಗ್ ಮಾಡುತ್ತಿದ್ದರು. ಆರಿದ್ರಾ ಹಿಡಿದ ಮೇಲೆ ಜಲನಿರೋಧಕ ತಜ್ಞರು.

ತಜ್ಞ ಬರುವಾಗ ಕೈಯಲ್ಲಿ ಎರಡು ಸೂಜಿಯ ಮೀಟರ್ ಇರುತ್ತದೆ. ಗೋಡೆಗೆ ಒತ್ತಿದರೆ ಕುಂಯ್ ಎನ್ನುತ್ತದೆ.

"ನೋಡಿ ಅಮ್ಮಾ, 28 ಇದೆ."

"28 ಅಂದ್ರೆ ಎಂತದಪ್ಪ?"

"ಡೇಂಜರ್ ಅಮ್ಮಾ."

ಆ ಮೀಟರಿನ ಅಳತೆಪಟ್ಟಿ ಮರಕ್ಕೆ ಮಾಡಿದ್ದು. ಗೋಡೆಯ ಮೇಲೆ ಅದು ತೋರಿಸುವ 28 ಶೇಕಡವೂ ಅಲ್ಲ, ಡಿಗ್ರಿಯೂ ಅಲ್ಲ. ಗಾರೆಯಲ್ಲಿ ಉಪ್ಪಿದ್ದರೆ ಅಷ್ಟಾಗಿ ನೆನೆಯದ ಗೋಡೆಗೂ ಅದು ಕುಂಯ್ ಎನ್ನುತ್ತದೆ. ಹಾಗಂತ ಕೆಲಸಕ್ಕೆ ಬಾರದ ಸಾಮಾನಲ್ಲ. ಮೊದಲು ಮನೆಯ ಮಧ್ಯದ ಒಣ ಗೋಡೆಗೆ ಒತ್ತಿ ಅಂಕಿ ಬರೆದುಕೊಂಡು, ಆಮೇಲೆ ನೆನೆದ ಗೋಡೆಯಲ್ಲಿ ನೆಲದಿಂದ ಅಡಿಗೊಂದರಂತೆ ಮೇಲೇರುತ್ತ ಹೋಗಬೇಕು. ಕೆಳಗೆ ಜಾಸ್ತಿಯಿದ್ದು ಮೇಲೆ ಹೋದ ಹಾಗೆ ಇಳಿದರೆ ನೀರು ನೆಲದ್ದು. ಸೂರಿನ ಹತ್ತಿರ ಜಾಸ್ತಿಯಾದರೆ ತಾರಸಿಯದ್ದು. ನಡುವೆ ತಟ್ಟೆಯಗಲ ಒಂದೇ ಕಡೆ ಕೂಗಿದರೆ ಒಳಗಿನ ಪೈಪನ್ನು ನೋಡಬೇಕು. ಇಷ್ಟು ಮಾಡಲು ಒಂದು ಗಂಟೆ ಬೇಕು. ತಜ್ಞರಿಗೆ ಒಂದು 'ಡೇಂಜರ್' ಸಾಕು, ಯಾಕೆಂದರೆ ನೀರು ಎಲ್ಲಿಂದ ಬಂದರೂ ಅವರ ಡಬ್ಬದಲ್ಲಿರುವ ಔಷಧಿ ಒಂದೇ.

ಔಷಧಿ ಹಚ್ಚುವ ವಿಧಾನ ಹೀಗೆ. ಹಳೆಯ ಬಣ್ಣ ಕೆರೆಯುವುದು, ಎರಡು ಕೋಟ್ ಪುಟ್ಟಿ, ಒಂದು ಪ್ರೈಮರ್, ಅದರ ಮೇಲೆ 'ನ್ಯಾನೊ' ಕೋಟಿಂಗ್. ಎಲ್ಲವೂ ಒಳಗಿನಿಂದ, ಎಲ್ಲವೂ ಗೋಡೆ ಹಸಿಯಿರುವಾಗಲೇ. ನೀರು ಬರುತ್ತಿರುವುದು ಹೊರಗಿನಿಂದ. ಅದು ಗೋಡೆ ದಾಟಿ ಬಂದು ಪೇಂಟಿನ ಬೆನ್ನಿಗೆ ನಿಂತು ತಳ್ಳುತ್ತದೆ. ಮೂರು ವಾರಕ್ಕೆ ಗೋಡೆಯ ಮೇಲೆ ಉದ್ದಿನ ಹಪ್ಪಳ ಕರಿದಂತೆ ಗುಳ್ಳೆಗಳು. ಒಂದನ್ನು ಬೆರಳಲ್ಲಿ ಒತ್ತಿದರೆ ತಣ್ಣನೆಯ ನೀರು ಮೊಣಕೈವರೆಗೆ ಇಳಿಯುತ್ತದೆ. ಗುಳ್ಳೆ ಒಡೆದ ಜಾಗದಲ್ಲಿ ನಾಲ್ಕು ದಿನಕ್ಕೆ ಹತ್ತಿಯಂಥ ಬಿಳಿ ಉಪ್ಪು ಅರಳುತ್ತದೆ, ಪುಟ್ಟಿ ಹುಡಿಯಾಗಿ ಉದುರುತ್ತದೆ. ಫೋನ್ ಮಾಡಿದರೆ ಷರತ್ತಿನ ಎರಡನೇ ಸಾಲು ಓದಿ ಹೇಳುತ್ತಾರೆ. ತೀರ್ಥಹಳ್ಳಿ ಕಡೆಯ ಹಳೆಯ ಮಣ್ಣಿನ ಗೋಡೆಗಂತೂ ಇದು ಇನ್ನೂ ಕೆಟ್ಟದ್ದು. ಸುಣ್ಣದ ಸಾರಣೆಯಲ್ಲಿ ಉಸಿರಾಡುತ್ತಿದ್ದ ಗೋಡೆಯ ಬಾಯಿಗೆ ಸಿಮೆಂಟು, ಪೇಂಟು ಮೆತ್ತಿದರೆ ನೀರು ಒಳಗೇ ಕೂತು ಮಣ್ಣನ್ನು ಮುದ್ದೆ ಮಾಡುತ್ತದೆ.

ತಜ್ಞರನ್ನೊಂದೇ ಬೈದರೆ ನ್ಯಾಯವಲ್ಲ. ಸಾಗರದ ಕಡೆ ಚಾಲಿ ಅಡಿಕೆಯನ್ನು ನಲವತ್ತು ದಿನ ಅಂಗಳದಲ್ಲಿ ಹರವಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ಇನ್ನೂ ಎರಡು ಬಿಸಿಲು ಬೇಕು ಎನ್ನುವ ಅದೇ ಯಜಮಾನರು ಒಂಬತ್ತು ಇಂಚಿನ ಜಂಬಿಟ್ಟಿಗೆ ಗೋಡೆ ಎರಡು ದಿನಕ್ಕೆ ಒಣಗುತ್ತದೆ ಅಂದರೆ ತಲೆಯಾಡಿಸುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮಳೆ ಬಿಡುವ ಹೊಳವಿಗಾಗಿ ವಾರಗಟ್ಟಲೆ ಕಾಯುವವರು, ಗೋಡೆಗೆ ಔಷಧಿಯನ್ನು ಸುರಿಯುವ ಮಳೆಯಲ್ಲೇ ಹೊಡೆಸುತ್ತಾರೆ. ಯಾಕೆ? ಚೌತಿಗೆ ನೆಂಟರು ಬರುತ್ತಾರೆ, ಗಣಪತಿ ಕೂರಿಸುವ ಗೋಡೆಯಲ್ಲಿ ಕಲೆ ಕಾಣಬಾರದು.

ಕಟ್ಟಡದವರ ಹಳೆಯ ಲೆಕ್ಕ: ಇಂಚಿಗೆ ಒಂದು ತಿಂಗಳು. ಆಷಾಢದಲ್ಲಿ ನೆನೆದ ಒಂಬತ್ತು ಇಂಚಿನ ಗೋಡೆ ಪೂರ್ತಿ ಒಣಗುವಾಗ ಯುಗಾದಿ ಬಂದಿರುತ್ತದೆ. ನಂಬಿಕೆ ಬರದಿದ್ದರೆ ಒಂದೂವರೆ ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಒಳಮೈಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳದಂತೆ ಹನಿ ಕೂತಿದ್ದರೆ ಪೇಂಟಿನ ಡಬ್ಬ ತೆರೆಯಬೇಡಿ. ಈ ಪರೀಕ್ಷೆಯ ಖರ್ಚು ಹತ್ತು ರೂಪಾಯಿ. ಬಹುಶಃ ಅದಕ್ಕೇ ಯಾವ ತಜ್ಞರೂ ಮಾಡುವುದಿಲ್ಲ.

ಇತ್ತೀಚೆಗೆ ಯಂತ್ರವೂ ಬಂದಿದೆ. ಗಾಳಿಯಿಂದ ದಿನಕ್ಕೆ 30 ಲೀಟರ್ ನೀರು ಹೀರುವ ಡಿಹ್ಯೂಮಿಡಿಫೈಯರ್, ದಿನಬಾಡಿಗೆಗೆ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಇಟ್ಟರೆ ಒಳ್ಳೆಯ ಯಂತ್ರವೇ. ಅದನ್ನು ತಂದು ಮಂಗಳೂರು ಹೆಂಚಿನ ಮನೆಯ ಜಗಲಿಯಲ್ಲಿ ಇಡುತ್ತಾರೆ. ಹೆಂಚಿನ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತಲೇ ಇರುತ್ತದೆ, ಯಂತ್ರ ಹೀರುತ್ತಲೇ ಇರುತ್ತದೆ. ಪಾಪ, ಅದು ಗೋಡೆಯನ್ನಲ್ಲ, ಇಡೀ ಪಶ್ಚಿಮಘಟ್ಟವನ್ನು ಒಣಗಿಸಲು ಹೊರಟಿದೆ. ಕರೆಂಟ್ ಇರುವಷ್ಟು ಹೊತ್ತು ಮಾತ್ರ ಎನ್ನುವುದೊಂದು ಸಮಾಧಾನ.

2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಂಥ ನೀರಾದರೆ ಕೆಲಸದ ಕ್ರಮವೇ ಬೇರೆ, ಅದರಲ್ಲಿ ಬಣ್ಣದ ಸರದಿ ಕಟ್ಟಕಡೆಗೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಆಮೇಲೆ ನೀರಿನ ಗೆರೆ ಕಾಣುವ ಹಾಗೆ ಫೋಟೊ, ತೊಳೆದ ಮೇಲೆ ವಿಮೆಯವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಕೆಸರನ್ನು ಹಸಿಯಿರುವಾಗಲೇ ಎಳೆಯಬೇಕು, ಒಣಗಿದರೆ ಇಟ್ಟಿಗೆಯಾಗುತ್ತದೆ. ಸಂಪ್ ಖಾಲಿ ಮಾಡಲು ಅವಸರ ಬೇಡ. ಸುತ್ತಲಿನ ನೆಲದ ನೀರು ಇಳಿಯುವ ಮೊದಲೇ ಪಂಪ್ ಹಚ್ಚಿದರೆ ಹೊರಗಿನ ಒತ್ತಡಕ್ಕೆ ಅದರ ಗೋಡೆ ಒಳಕ್ಕೆ ಸೀಳುತ್ತದೆ. ಉಜ್ಜಿ ತೊಳೆದು ತುಂಬಿಸಿ, ಸಾವಿರ ಲೀಟರಿಗೆ ಸುಮಾರು 200 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ, ಒಂದು ರಾತ್ರಿ ಬಿಟ್ಟು ಪೂರ್ತಿ ಚೆಲ್ಲಬೇಕು. ಗೋಡೆಯನ್ನು ನಾಣ್ಯದಲ್ಲಿ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಗಾರೆ ಕಿತ್ತು ಹಾಕಬೇಕು, ನೀರಿನ ಗೆರೆಗಿಂತ ಒಂದಡಿ ಮೇಲಿನವರೆಗೆ. ಎಲೆಕ್ಟ್ರಿಷಿಯನ್ ವೈರಿನ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಇಟ್ಟು ಪ್ರತಿ ಲೈನನ್ನೂ ನೋಡಬೇಕು, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದಕ್ಕೆ ಕರೆಂಟ್ ಕೊಡುವ ಹಾಗಿಲ್ಲ. ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ವೈರಿಂಗ್ ಸರಿಯಿದೆ ಎಂದಲ್ಲ, ಕಾಂಡ್ಯುಟ್ ಪೈಪಿನ ಒಳಗೆ ತುಂಗೆ ಇನ್ನೂ ನಿಂತಿರುತ್ತಾಳೆ. ತೇವವನ್ನಷ್ಟೇ ತಡೆಯುವ ಎಂಆರ್ ಪ್ಲೈವುಡ್ಡಿನ ಕಪಾಟು ಉಬ್ಬಿದರೆ ಉಬ್ಬಿತು, ಅದನ್ನು ಬಿಸಿಲಿಗಿಟ್ಟು ಕಾಯುವುದು ದಂಡ. ಅದರ ಬೆನ್ನಿಗೆ ಎರಡೇ ದಿನದಲ್ಲಿ ಬೂಷ್ಟು ಹತ್ತಲು ಶುರುವಾಗುತ್ತದೆ.

ಸರ್ಕಾರದ ಪರಿಹಾರದ ನಿಯಮಕ್ಕಂತೂ ನೆನೆದ ಗೋಡೆ ಕಾಣುವುದೇ ಇಲ್ಲ. ಮನೆಗೆ ಭಾಗಶಃ ಹಾನಿ ಎನ್ನಿಸಿಕೊಳ್ಳಲು ಕನಿಷ್ಠ ಶೇ 15 ಕೆಟ್ಟಿರಬೇಕು. ಶೇ 14ಕ್ಕೆ ನಿಂತುಬಿಟ್ಟ ಗೋಡೆ ಮಾಲೀಕನಿಗೆ ದ್ರೋಹ ಮಾಡಿದ ಗೋಡೆ.

ಇಷ್ಟೆಲ್ಲ ಆಗುವಾಗ ಮನೆಯ ಹಿಂದಿನ ಕೊಟ್ಟಿಗೆಯ ಗೋಡೆ ಒಣಗಿಯೇ ಇರುತ್ತದೆ. ಅದಕ್ಕೆ ಮಳೆಗಾಲಕ್ಕೆ ಮುಂಚೆ ಯಾರೋ ಅಡಿಕೆ ದಬ್ಬೆ ನಿಲ್ಲಿಸಿ, ಸೋಗೆ ಹೆಣೆದು ತಟ್ಟಿ ಕಟ್ಟಿರುತ್ತಾರೆ, ಗೋಡೆಯಿಂದ ಒಂದು ಗೇಣು ದೂರಕ್ಕೆ. ಇರಚಲು ಸೋಗೆಗೆ ಹೊಡೆದು ಕೆಳಗಿಳಿಯುತ್ತದೆ, ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಮುಂಬದಿಗೆ ಮಾತ್ರ ತಟ್ಟಿ ಕಟ್ಟುವ ಹಾಗಿಲ್ಲ, ಎಲಿವೇಷನ್ ಹಾಳಾಗುತ್ತದಂತೆ. ಆಶ್ಲೇಷಾ ಮಳೆಗೆ ಕೊಟ್ಟಿಗೆಯ ತಟ್ಟಿಯಲ್ಲಿ ಒಂದು ಕಡೆ ಸೋಗೆ ಜಾರಿ ಅಂಗೈಯಗಲ ತೂತಾದರೆ ಲ್ಯಾಮಿನೇಷನ್ ಮಾಡಿಸಿದ ಆ ಕಾರ್ಡನ್ನು ಅಲ್ಲಿಗೆ ಸಿಕ್ಕಿಸಬಹುದು, ಅಳತೆ ಸರಿಯಾಗಿ ಕೂರುತ್ತದೆ. ಅಷ್ಟು ಜಾಗದ ಮಟ್ಟಿಗೆ ವಾರಂಟಿ ಮಳೆಗೂ ಅನ್ವಯಿಸುತ್ತದೆ.