ಒತ್ತೋ ಅಂದರೆ ತೊಳೆದರು

ಮೇ ತಿಂಗಳ ಕಲಬುರಗಿ. ಸೂಪರ್ ಮಾರ್ಕೆಟ್ ಸುತ್ತಿ ತಲೆ ಕಾದು ಹೋಗಿತ್ತು. ಕಟಿಂಗ್ ಮುಗಿದ ಮೇಲೆ "ಒಂಚೂರು ಚಂಪಿ ಮಾಡಪಾ" ಅಂದೆ. ಹುಡುಗ ಗೋಡೆ ಮೇಲಿನ ರೇಟ್ ಬೋರ್ಡ್ ತೋರಿಸಿದ. "ಚಂಪಿ ಇಲ್ರಿ ಸರ, ಶಾಂಪೂ ಅದ. ಹಚ್ಲೇನ್ರಿ?" ಏಸಿ ಬಂದ ಮೇಲೆ ಈ ಅಂಗಡಿಗಳಿಗೆ ಕೈಗಿಂತ ಬಾಟಲಿ ಮೇಲೇ ನಂಬಿಕೆ ಜಾಸ್ತಿ.

ತಮ್ಮಾ, ಎರಡೂ ಒಂದೇ ಬಳ್ಳಿಯವು ಅಂತ ಹೇಳಬೇಕು ಅನ್ನಿಸಿತು. ಇಂಗ್ಲಿಷಿನ ಶಾಂಪೂ ಹುಟ್ಟಿದ್ದು ಹಿಂದಿಯ ‘ಚಾಂಪೋ’ದಿಂದ. ‘ಒತ್ತು’ ಅನ್ನುವ ಅಪ್ಪಣೆ ಅದು. 1762ಕ್ಕಾಗಲೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿತ್ತು. ಆಗ ಅರ್ಥ ಮೈ ಒತ್ತುವುದು, ನೀವುವುದು ಅಷ್ಟೇ. ನೊರೆಯ ಸುದ್ದಿಯೇ ಇಲ್ಲ. ಸಾಹೇಬರು ಎತ್ತಿಕೊಂಡದ್ದು ಅಪ್ಪಣೆಯ ರೂಪವನ್ನೇ ನೋಡಿ. ಆ ಮಾತನ್ನು ಅವರು ಬೇರೆ ರೂಪದಲ್ಲಿ ಆಡಿದ್ದೇ ಕಡಿಮೆ ಇರಬೇಕು. ತಲೆ ತೊಳೆಯುವ ಅರ್ಥ ಬಂದದ್ದು 1860ರ ಸುಮಾರಿಗೆ.  ಅದಕ್ಕೂ ಮೊದಲು, ಶಾಂಪೂ ಅಂದರೆ ಇನ್ನೂ ಒತ್ತುವುದೇ ಆಗಿದ್ದ ಕಾಲದವನು ದೀನ್ ಮಹಮದ್.

1759ರಲ್ಲಿ ಪಟ್ನಾದಲ್ಲಿ ಹುಟ್ಟಿದವನು. ಕಂಪನಿ ಸೈನ್ಯದಲ್ಲಿದ್ದ. ಸಾಹೇಬನೊಬ್ಬನ ಜೊತೆ ಐರ್ಲೆಂಡಿಗೆ ಹೋಗಿ, ಅಲ್ಲೇ ಮದುವೆಯಾಗಿ, ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದ. 1810ರಲ್ಲಿ ಲಂಡನ್ನಿನಲ್ಲಿ ಹುಕ್ಕಾ ಮತ್ತು ಹಿಂದೂಸ್ತಾನಿ ಊಟದ ಹೋಟೆಲ್ ಇಟ್ಟ. ಎರಡೇ ವರ್ಷಕ್ಕೆ ದಿವಾಳಿ. ಬೇರೆಯವರಾಗಿದ್ದರೆ ಊರ ದಾರಿ ಹಿಡಿಯುತ್ತಿದ್ದರು. ಇವನು ಸಮುದ್ರದ ದಂಡೆಯ ಬ್ರೈಟನ್ನಿಗೆ ಹೋಗಿ ಹಬೆಸ್ನಾನದ ಮನೆ ತೆರೆದ. ಗಿರಾಕಿ ಮೊದಲು ಗಿಡಮೂಲಿಕೆಯ ಹಬೆಯಲ್ಲಿ ಬೇಯಬೇಕು. ಆಮೇಲೆ ಅವನ ಸುತ್ತ ಫ್ಲಾನೆಲ್ ಬಟ್ಟೆಯ ಡೇರೆ. ಡೇರೆಗೆ ಅಲ್ಲಲ್ಲಿ ಕಂಡಿ. ಅದರಿಂದ ಎರಡು ಕೈ ಮಾತ್ರ ಒಳಗೆ ಬಂದು ಒತ್ತುತ್ತಿದ್ದವು. ಎಂಥ ಸುಖ! ಒತ್ತುವವನ ಮುಖ ಕಾಣುವುದಿಲ್ಲ, ಪ್ಲಾಟಿನ ರೇಟು, ಎಲೆಕ್ಷನ್ನು, ಮಗನ ನೀಟ್ ರ‍್ಯಾಂಕು ಯಾವುದನ್ನೂ ಕೇಳಿಸಿಕೊಳ್ಳಬೇಕಿಲ್ಲ. ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಜನ ನೋಡಲಿ ಅಂತ ಅಲ್ಲೇ ತೂಗುಹಾಕಿದ್ದ. ಆಸಾಮಿ ಚಾಲಾಕಿ. ಕೊನೆಗೆ ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರು ರಾಜರಿಗೂ ಅವನೇ ‘ಶಾಂಪೂಯಿಂಗ್ ಸರ್ಜನ್’.

ಅವನ ಮೊಮ್ಮಗ ಫ್ರೆಡೆರಿಕ್ ಅಕ್ಬರ್ ಮಹಮದ್ ಓದಿ ಡಾಕ್ಟರೇ ಆದ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿದ್ದು, ಬಿಪಿ ಬಗ್ಗೆ ಮೊದಮೊದಲು ಸಂಶೋಧನೆ ಮಾಡಿದವರಲ್ಲಿ ಅವನೂ ಒಬ್ಬ. ಅಜ್ಜ ಮೈ ಒತ್ತಿದ, ಮೊಮ್ಮಗ ರಕ್ತದ ಒತ್ತಡ ಅಳೆದ.

ಇಷ್ಟು ದೊಡ್ಡ ವಂಶಾವಳಿಯ ಮಾತು ಈಗ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಚಿಪ್ಸ್ ಪ್ಯಾಕೆಟ್ಟಿನ ಪಕ್ಕ ಒಂದು ರೂಪಾಯಿಯ ಸ್ಯಾಷೆಯಾಗಿ ಜೋತಾಡುತ್ತಿದೆ. ‘ಇಲ್ಲಿ ಹರಿಯಿರಿ’ ಅಂತ ಅದರ ಮೂಲೆಯಲ್ಲಿ ಬರೆದಿರುತ್ತಾರೆ. ಒದ್ದೆ ಕೈಗೆ ಅದು ಎಂದಾದರೂ ಅಲ್ಲಿ ಹರಿದಿದೆಯಾ? ಹಲ್ಲಿನಲ್ಲಿ ಕಚ್ಚಬೇಕು. ಅರ್ಧ ಬಾಯಿಗೆ, ಅರ್ಧ ಬಚ್ಚಲಿಗೆ. ತಲೆಗೆ ಸುಮ್ನೆ ನೀರು.