ಉಸಿರಿಗೆ ಆಷಾಢದ ರಿಯಾಯಿತಿ

ದಾವಣಗೆರೆಯವರಿಗೆ ರಿಯಾಯಿತಿ ಎಂದರೆ ಆಷಾಢ ಮಾಸದ ಬಟ್ಟೆ ಅಂಗಡಿ. ಮದುವೆಗಳಿಲ್ಲದ ತಿಂಗಳಲ್ಲಿ ಸೀರೆ ಖರ್ಚಾಗಲೆಂದು ಅಂಗಡಿಯವರು ಬೋರ್ಡು ಕಟ್ಟುತ್ತಾರೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕೊನೆಯ ದಿನಾಂಕವನ್ನೂ ಬರೆಸುತ್ತಾರೆ. 2021ರಲ್ಲಿ ಆಷಾಢಕ್ಕೆ ಇನ್ನೂ ತಿಂಗಳಿದ್ದಾಗ, ಕೋವಿಡ್ ಲಾಕ್‌ಡೌನ್ ಮುಂದುವರಿದ ಹನ್ನೊಂದು ಜಿಲ್ಲೆಗಳಲ್ಲಿ ನಮ್ಮದೂ ಒಂದಾಗಿ ಅಂಗಡಿಗಳ ಬಾಗಿಲು ಹಾಕಿದ್ದಾಗ, ತೆರಿಗೆ ದರ ನಿಗದಿ ಮಾಡುವ ಜಿಎಸ್‌ಟಿ ಮಂಡಳಿ ಅಂಥದೇ ಒಂದು ಬೋರ್ಡು ಕಟ್ಟಿತು. ವೈದ್ಯಕೀಯ ಆಮ್ಲಜನಕ, ವೆಂಟಿಲೇಟರ್, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ಗಳ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಆಂಬುಲೆನ್ಸ್‌ನದು 28ರಿಂದ 12ಕ್ಕೆ, ಚಿತಾಗಾರದ ವಿದ್ಯುತ್ ಕುಲುಮೆಯದು 18ರಿಂದ 5ಕ್ಕೆ. ಕೊಡುಗೆ ಆ ಸೆಪ್ಟೆಂಬರ್ 30ರವರೆಗೆ ಮಾತ್ರ ಇತ್ತು. ‘ದಾಸ್ತಾನು ಇರುವವರೆಗೆ’ ಎಂಬ ಸಾಲನ್ನು ಸೇರಿಸಿರಲಿಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತ ಆ ರಾತ್ರಿಯ ನಂತರ ಅದನ್ನು ಬರೆದು ತಿಳಿಸಬೇಕಾಗಿಯೂ ಇರಲಿಲ್ಲ.

ಮಂಡಳಿಯ ಸಂಯಮವನ್ನು ಮೆಚ್ಚಲೇಬೇಕು. 2020ರ ಅಕ್ಟೋಬರ್‌ನಲ್ಲಿ ಸಭೆ ಸೇರಿದ್ದ ಅದು ಮತ್ತೆ ಸೇರಿದ್ದು 2021ರ ಮೇ 28ರಂದು. ಅಷ್ಟರಲ್ಲಿ ಎರಡನೇ ಅಲೆ ಬಂದು, ಏರಿ, ಇಳಿಯಲು ಶುರುವಾಗಿತ್ತು. ಅಂದು ಕೂಡ ದುಡುಕದೆ, ಉಸಿರಿನ ಮೇಲೆ ಎಷ್ಟು ತೆರಿಗೆ ಹಾಕಬಹುದೆಂದು ಪರಿಶೀಲಿಸಲು ಮೇಘಾಲಯದ ಮುಖ್ಯಮಂತ್ರಿಗಳ ನೇತೃತ್ವದಲ್ಲಿ ಸಚಿವರ ಸಮಿತಿಯೊಂದನ್ನು ರಚಿಸಿ, ಜೂನ್ 12ರಂದು ಮತ್ತೆ ಸೇರಿ, ಕೊನೆಗೆ ಕರುಣಿಸಿತು.

ನನ್ನ ಮೇಜಿನ ಮೇಲೆ ಆ ಮೇ ಎರಡನೇ ವಾರದ ಒಂದು ಬಿಲ್ಲಿದೆ. ಚಿಕ್ಕಪ್ಪನಿಗೆ ಜ್ವರ ಬಂದು ಮೂರನೆಯ ದಿನ, ಔಷಧಿ ಅಂಗಡಿಯ ಮುಂದೆ ಕಟ್ಟಿದ್ದ ಹಗ್ಗದ ಈಚೆಗೆ ನಿಂತು ತಂದ ಆಕ್ಸಿಮೀಟರಿನದು. ಬೆಲೆ 1,800 ರೂಪಾಯಿ; ಕೇಂದ್ರದ ಪಾಲು ಶೇ 6, ಅಂದರೆ 108; ರಾಜ್ಯದ ಪಾಲೂ 108. ಮನೆಗೆ ತಂದು ಬೆರಳಿಗೆ ಸಿಕ್ಕಿಸಿದಾಗ ಅದು 91 ತೋರಿಸಿತು. ಕೇಂದ್ರವೂ ರಾಜ್ಯವೂ ಜಗಳವಿಲ್ಲದೆ ಸಮಸಮನಾಗಿ ಹಂಚಿಕೊಂಡದ್ದನ್ನು ಆ ತಿಂಗಳು ನಾನು ಕಂಡದ್ದು ಆ ಬಿಲ್ಲಿನಲ್ಲಿ ಮಾತ್ರ.

ನಮ್ಮ ತೆರಿಗೆ ಶಾಸ್ತ್ರದ ಸೂಕ್ಷ್ಮ ಸಾಮಾನ್ಯರಿಗೆ ತಿಳಿಯುವಂಥದಲ್ಲ. 2020ರ ಮಾರ್ಚ್‌ನಲ್ಲಿ ಸ್ಯಾನಿಟೈಸರ್ ಅಗತ್ಯ ವಸ್ತುವೆಂದು ಸರ್ಕಾರವೇ ಘೋಷಿಸಿತು. ಜುಲೈನಲ್ಲಿ ಅದೇ ಸರ್ಕಾರ, ಇದು ಸಾಬೂನಿನ ಹಾಗೆ ಸೋಂಕುನಿವಾರಕವಾದ್ದರಿಂದ ಶೇ 18 ಕೊಡತಕ್ಕದ್ದು ಎಂದು ಸ್ಪಷ್ಟಪಡಿಸಿತು. ಅದೇ ಬೇಸಿಗೆಯಲ್ಲಿ, ಜನ ಊರು ಸೇರಲು ಹೆದ್ದಾರಿಯಲ್ಲಿ ನಡೆದು ಹೋದ ಕೆಲವೇ ವಾರಗಳಲ್ಲಿ, ಯಾವ ಸರಕಿಗೆ ಯಾವ ದರವೆಂದು ಕೇಳಿದವರಿಗೆ ಮೊದಲೇ ತಿಳಿಸುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು ಪರೋಟ ರೊಟ್ಟಿಯಲ್ಲ, ತಿನ್ನುವ ಮುಂಚೆ ಅದನ್ನು ಬಿಸಿ ಮಾಡಬೇಕು, ಆದ್ದರಿಂದ ಶೇ 5 ಅಲ್ಲ, 18 ಎಂದು ತೀರ್ಪಿತ್ತಿತು. ಅಂದಿನಿಂದ ನನಗೆ ನಮ್ಮ ಮಂಡಕ್ಕಿಯ ಚಿಂತೆ. ಬಿಡಿಯಾಗಿ ಮಾರುವ ಮಂಡಕ್ಕಿಗೆ ತೆರಿಗೆಯಿಲ್ಲ. ಆದರೆ ಭಟ್ಟಿಯಿಂದ ಬಂದ ಮಂಡಕ್ಕಿಗೆ ಒಗ್ಗರಣೆ ಬಿದ್ದ ಕ್ಷಣದಲ್ಲಿ ಅದು ಮಂಡಕ್ಕಿಯಾಗಿಯೇ ಉಳಿಯುತ್ತದೆಯೇ, ಪಕ್ಕದಲ್ಲಿಟ್ಟ ಮಿರ್ಚಿಯ ದರ ಅದಕ್ಕೂ ತಗಲುತ್ತದೆಯೇ, ನರ್ಗೀಸ್ ಮಂಡಕ್ಕಿ ಯಾವ ಪರಿಚ್ಛೇದದಲ್ಲಿ ಬರುತ್ತದೆ? ಯಾರೂ ಪ್ರಾಧಿಕಾರದ ಮುಂದೆ ಹೋಗಿ ಕೇಳಬಾರದೆಂದು ಊರಿನವರಲ್ಲಿ ನನ್ನ ವಿನಂತಿ. ಕೇಳಿದರೆ ಉತ್ತರ ಬಂದುಬಿಡುತ್ತದೆ.

ಕೋವಿಡ್ ಲಸಿಕೆಗೆ ಮಾತ್ರ ಶೇ 5 ಹಾಗೆಯೇ ಉಳಿಯಿತು. ಪೂರ್ತಿ ವಿನಾಯಿತಿ ಕೊಟ್ಟರೆ ತಯಾರಕರು ಕಚ್ಚಾ ಸಾಮಗ್ರಿಗೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳಲಾಗದೆ ಬೆಲೆ ಏರಿಸುತ್ತಾರೆ ಎಂದು ಹಣಕಾಸು ಸಚಿವರು ಮೇ ತಿಂಗಳಲ್ಲೇ ವಿವರಿಸಿದ್ದರು. ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಅದೇ ಕಾನೂನಿನಲ್ಲಿ ಶೂನ್ಯ ದರ ಎಂಬುದೊಂದಿದೆ: ಸರಕು ರಫ್ತಾದರೆ ಅದರ ಮೇಲೆ ತೆರಿಗೆಯೂ ಇಲ್ಲ, ಒಳಗೆ ಕಟ್ಟಿದ ತೆರಿಗೆಯೂ ಮರಳಿ ಸಿಗುತ್ತದೆ. ಹಡಗು ಹತ್ತಿದ ಸೀಸೆಗೆ ಸಿಗುವ ಈ ಮರ್ಯಾದೆ ಹರಪನಹಳ್ಳಿಯ ಬಸ್ಸು ಹತ್ತಿದ ಸೀಸೆಗೆ ಯಾಕೆ ಸಿಗಬಾರದು? ಅದಕ್ಕೆ ಕಾಯ್ದೆ ತಿದ್ದಬೇಕಾಗುತ್ತದೆ ಎನ್ನುವವರಿದ್ದಾರೆ. 2020ರ ಮಾರ್ಚ್ 31ರಂದು ಒಂದೇ ಸುಗ್ರೀವಾಜ್ಞೆಯಿಂದ ತೆರಿಗೆ ಕಾಯ್ದೆಗಳ ಗಡುವುಗಳನ್ನೆಲ್ಲ ಮುಂದೂಡಿ, ಪ್ರಧಾನಿಯವರ ಪಿಎಂ ಕೇರ್ಸ್ ನಿಧಿಯ ದೇಣಿಗೆಗೆ ನೂರಕ್ಕೆ ನೂರು ತೆರಿಗೆ ವಿನಾಯಿತಿ ಕೊಟ್ಟದ್ದೂ ಕಾಯ್ದೆಯ ತಿದ್ದುಪಡಿಯೇ ಆಗಿತ್ತು.

2020ರ ಆಗಸ್ಟ್‌ನಲ್ಲಿ ರಾಜ್ಯಗಳು ಜಿಎಸ್‌ಟಿ ನಷ್ಟಕ್ಕೆ ಪರಿಹಾರದ ಹಣ ಕೇಳಿದಾಗ, ಇದೆಲ್ಲ ದೇವರ ಆಟ ಎಂಬ ಉತ್ತರ ಹಣಕಾಸು ಸಚಿವರಿಂದ ಬಂದಿತ್ತು. ರೋಗವನ್ನು ದೇವರ ಲೆಕ್ಕಕ್ಕೆ ಬರೆಯೋಣ. ಆಂಬುಲೆನ್ಸ್ ಮೇಲೆ ಕಾರಿನಂತೆಯೇ ಶೇ 28 ಬರೆದವನು ಯಾವ ದೇವರು? ಸುಡುವ ಕುಲುಮೆಗೆ 18 ಎಂದು ನಮೂದಿಸಿದ ಕೈ ಮನುಷ್ಯನದೇ. ಅದನ್ನು ತಿದ್ದಲು ಹೆಣಗಳ ಸಾಲು ಕಾಣಬೇಕಾಯಿತು. ಕಂಡ ಮೇಲೆಯೂ ತಿದ್ದಿದ್ದು ಮೂರೂವರೆ ತಿಂಗಳ ಮಟ್ಟಿಗೆ. ಇದನ್ನು ಸುಧಾರಣೆ ಎಂದು ಕರೆಯುವವರ ಜೊತೆ ತಮಾಷೆ ಮಾಡುವ ಉತ್ಸಾಹವೂ ಈಗ ನನಗೆ ಉಳಿದಿಲ್ಲ.

ಚಿಕ್ಕಪ್ಪ ಚೇತರಿಸಿಕೊಂಡರು. ಆದರೂ ಅಭ್ಯಾಸಬಲದಿಂದ ದಿನಕ್ಕೆ ಹತ್ತು ಸಲ ಬೆರಳು ಸಿಕ್ಕಿಸಿ ನೋಡುತ್ತಿದ್ದರು. ಒಂದು ದಿನ ಯಂತ್ರ ಕಣ್ಣು ಬಿಡಲಿಲ್ಲ, ಸೆಲ್ ಮುಗಿದಿತ್ತು. ಲಾಕ್‌ಡೌನಿನಲ್ಲಿ ಅಂಗಡಿ ಬೆಳಿಗ್ಗೆ ಹತ್ತಕ್ಕೇ ಮುಚ್ಚಿತ್ತಾದ್ದರಿಂದ ರಿಯಾಯಿತಿಯ ಪಟ್ಟಿಯನ್ನೇ ಇನ್ನೊಮ್ಮೆ ಓದಿದೆ. ಅದರಲ್ಲಿ ಆಕ್ಸಿಮೀಟರ್ ಇತ್ತು, ಸೆಲ್ ಇರಲಿಲ್ಲ.