ಒಂದು ಎಕರೆಗೆ ಇಪ್ಪತ್ತೇಳು ಸೈಟು

ಬೆಂಗಳೂರು ಅಂಕೆ ಮೀರಿ ಹಬ್ಬುತ್ತಿದೆ ಎಂದು ಗೊಣಗುತ್ತಿದ್ದವರ ಬಾಯನ್ನು 2025ರಲ್ಲಿ ಸರ್ಕಾರ ಸಲೀಸಾಗಿ ಮುಚ್ಚಿಸಿತು. ಐವತ್ತು ಕಿಲೋಮೀಟರ್ ಆಚೆಯ ರಾಮನಗರ ‘ಬೆಂಗಳೂರು ದಕ್ಷಿಣ’ ಜಿಲ್ಲೆಯಾಯಿತು, ಬೆಂಗಳೂರು ಗ್ರಾಮಾಂತರಕ್ಕೆ ‘ಬೆಂಗಳೂರು ಉತ್ತರ’ ಎಂಬ ನಾಮಕರಣಕ್ಕೆ ಸಂಪುಟ ಒಪ್ಪಿತು. ಊರಾಚೆ ಅನ್ನುವ ಜಾಗವೇ ಇಲ್ಲದ ಮೇಲೆ ಊರು ಹಬ್ಬುವುದಾದರೂ ಎಲ್ಲಿಗೆ?

ನಕ್ಷೆಯ ವಿಚಾರದಲ್ಲೂ ಇದೇ ನಿರಾಳ. 2015ರವರೆಗಿನ ಮಾಸ್ಟರ್ ಪ್ಲ್ಯಾನಿಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತ್ತು. 2031ರವರೆಗಿನ ಪ್ಲ್ಯಾನಿನ ಕರಡು 2017ರಲ್ಲಿ ಹೊರಬಿತ್ತು, 2020ರಲ್ಲಿ ವಾಪಸಾಯಿತು. ಯೋಜಕರು ಕಾಯಬಲ್ಲರು. ಲೇಔಟ್ ಮಾಡುವವರು ಕಾಯುವ ಪೈಕಿಯಲ್ಲ.

ಅವರ ಲೆಕ್ಕ ನೇರ. ಎಕರೆ ಅಂದರೆ 43,560 ಚದರಡಿ. ಪಾರ್ಕು, ಸಾರ್ವಜನಿಕ ಸೌಲಭ್ಯದ ಸಿಎ ಸೈಟು, ಅಗಲದ ರಸ್ತೆ ಅಂತ ಕಾನೂನಿನ ಪ್ರಕಾರ ಹೆಚ್ಚುಕಮ್ಮಿ ಅರ್ಧ ಬಿಟ್ಟರೆ 30x40ರ ಹದಿನೆಂಟು ಸೈಟು. ಪಾರ್ಕನ್ನು ಬ್ರೋಷರಿನಲ್ಲೇ ಉಳಿಸಿ, ರಸ್ತೆಯನ್ನು ಇಪ್ಪತ್ತಡಿಗೆ ಇಳಿಸಿದರೆ ಇಪ್ಪತ್ತೇಳು. ಆ ಇಪ್ಪತ್ತಡಿಯಲ್ಲಿ ಎರಡೂ ಕಡೆ ಚರಂಡಿ, ಚರಂಡಿಯ ಮೇಲೆ ಮನೆಮನೆಯ ಕಾರಿನ ರ‍್ಯಾಂಪು. ಉಳಿಯುವುದು ಹನ್ನೆರಡಡಿ. ನೀರಿನ ಟ್ಯಾಂಕರ್ ಒಳಗೆ ಬರುತ್ತದೆ, ತಿರುಗಿಸಲಾಗದೆ ರಿವರ್ಸಿನಲ್ಲೇ ಹೋಗುತ್ತದೆ. ಬೆಂಕಿ ಹತ್ತುವವರು ಮೊದಲ ಕ್ರಾಸಿನಲ್ಲೇ ಹತ್ತಿಸಿಕೊಳ್ಳುವುದು ಕ್ಷೇಮ.

ಹೊಲದ ಮಧ್ಯೆ ಮಳೆನೀರು ಹರಿಯುವ ರಾಜಕಾಲುವೆ ಸಿಕ್ಕರೂ ಗಾಬರಿಯಿಲ್ಲ. ಎರಡಡಿಯ ಹ್ಯೂಮ್ ಪೈಪು ಎರಡು ಹಾಕಿ, ಮಣ್ಣು ಸುರಿದರೆ ಕಾಲುವೆ ಕಾರ್ನರ್ ಸೈಟಾಗುತ್ತದೆ. ಹತ್ತಡಿ ಅಗಲ, ನಾಲ್ಕಡಿ ಆಳದಲ್ಲಿ ಹರಿಯುತ್ತಿದ್ದ ನೀರಿಗೆ ನಲವತ್ತು ಚದರಡಿ ಬೇಕಿತ್ತು. ಎರಡು ಪೈಪು ಸೇರಿ ಕೊಡುವುದು ಆರು ಚಿಲ್ಲರೆ. ಅದರಲ್ಲೂ ಒಂದಕ್ಕೆ ಪ್ಲಾಸ್ಟಿಕ್ ಕಟ್ಟಿಕೊಂಡಿರುತ್ತದೆ. ಮಿಕ್ಕ ನೀರು ಆಗಸ್ಟ್-ಸೆಪ್ಟೆಂಬರಿನಲ್ಲಿ ನೆಲಮಾಳಿಗೆಗೆ ಬಂದಾಗ ಅದಕ್ಕೆ ‘ಅನಿರೀಕ್ಷಿತ ಮಳೆ’ ಎನ್ನತಕ್ಕದ್ದು.

ಕುಡಿಯುವ ನೀರು ಮಾತ್ರ ನಿಧಾನ. 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದು 2007ರಲ್ಲಿ. ಅವಕ್ಕೆಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ದಿನಕ್ಕೆ 77.5 ಕೋಟಿ ಲೀಟರನ್ನು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪು ಮಾಡಿ ಗುಡ್ಡ ಹತ್ತಿಸಬೇಕು. ನಡುವಿನ ಹದಿನೇಳು ವರ್ಷ ಆಳಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ ತಲುಪಿಸುವ 12,000 ಲೀಟರ್ ಟ್ಯಾಂಕರಿಗೆ ಸಾವಿರ ರೂಪಾಯಿ ದರ ಕಟ್ಟಿತು. ಟ್ಯಾಂಕರಿನವರು ಅದನ್ನು ಓದಿ ಸಂತೋಷಪಟ್ಟಿರಬಹುದು.

ಇಷ್ಟಕ್ಕೂ ಸರ್ಕಾರಕ್ಕೆ ಪರ್ಯಾಯ ಗೊತ್ತಿಲ್ಲ ಎಂದರೆ ಪಾಪ ಬರುತ್ತದೆ. ಮೆಟ್ರೋ ಸ್ಟೇಷನ್ ಸುತ್ತ ಒತ್ತಾಗಿ ಕಟ್ಟಿ, ಜನ ನಡೆದೇ ರೈಲು ಹತ್ತಲಿ ಎಂಬ ಟಿಓಡಿ ನೀತಿ 2022ರಲ್ಲೇ ಬಂದಿದೆ. ಅದರ ಮೇಲಿನ ಭಕ್ತಿಗೆ ಸಾಕ್ಷಿ ಬೇಕೇ? 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಸ್ಟೇಷನ್ ಪಕ್ಕ ಮನೆ ಮಾಡಿದರೆ ರೈಲು ಹೋಗುವುದನ್ನು ನೋಡಿಕೊಂಡು ತಿಂಡಿ ಮುಗಿಸಿ, ಮುಂದಿನದಕ್ಕೆ ಆರಾಮಾಗಿ ಹೊರಡಬಹುದಿತ್ತು. ಒತ್ತಾಗಿ ಕಟ್ಟಲು ಪ್ರೀಮಿಯಂ ಎಫ್‌ಎಆರ್ ಅನ್ನೂ, ಅಂದರೆ ಮಿತಿಗಿಂತ ಹೆಚ್ಚು ಕಟ್ಟುವ ಹಕ್ಕನ್ನೂ, ಮಾರುತ್ತಾರೆ. ಅಂತಸ್ತಿಗೆ ರೇಟಿದೆ, ಫುಟ್‌ಪಾತಿಗಿಲ್ಲ.

ಹಾಗಾಗಿ ಇಪ್ಪತ್ತೇಳು ಸೈಟಿನವರು ಪಾಲಿಕೆಯ ಗಡಿ ತಮ್ಮ ಬಾಗಿಲಿಗೆ ಬರುವವರೆಗೆ ಕಾದರೆ ಸಾಕು. ಬಂದೇ ಬರುತ್ತದೆ. ಮೊದಲು ಆಸ್ತಿಗೆ ಸಿಗುವುದು ಬಿ ಖಾತಾ: ತೆರಿಗೆ ಕಟ್ಟಲು ಸಕ್ರಮ, ಪ್ಲ್ಯಾನ್ ಕೇಳಿದರೆ ಅಕ್ರಮ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ, ಲೇಔಟುಗಳನ್ನು ಒಪ್ಪಿಕೊಳ್ಳುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ ಸ್ವಲ್ಪ ಆತಂಕವಾಗಿತ್ತು, ನಿಜ. 2025ರ ನವೆಂಬರಿನಿಂದ ನೂರು ದಿನದ ಅಭಿಯಾನ ಬಂತು: ಸರ್ಕಾರವೇ ಗೊತ್ತುಮಾಡಿದ ಜಾಗದ ಬೆಲೆಯ, ಅಂದರೆ ಮಾರ್ಗಸೂಚಿ ದರದ, ಶೇ 5 ಕಟ್ಟಿದರೆ ಬಿ ಖಾತಾ ಪೂರಾ ಸಕ್ರಮದ ಎ ಖಾತಾ ಆಗುತ್ತಿತ್ತು.

ಲೇಔಟಿನವನಿಗೆ ಹೆಚ್ಚು ಸಿಕ್ಕಿದ್ದು ಒಂಬತ್ತು ಸೈಟು, ಅಂದರೆ ಶೇ 50. ಅಭಿಯಾನದ ಶುಲ್ಕ ಶೇ 5 ಇತ್ತು, ಅದನ್ನೂ ಕಟ್ಟಬೇಕಿದ್ದವರು ಸೈಟು ಕೊಂಡವರು. ಅವನಾಗಲೇ ಮಾಗಡಿ ಕಡೆ ಇನ್ನೊಂದು ಎಕರೆ ನೋಡಿಕೊಂಡಿದ್ದಾನೆ. ನಿಯಮದಂತೆ ಹದಿನೆಂಟೇ ಸೈಟು ಮಾಡಿ ಪಾರ್ಕು ಬಿಟ್ಟುಕೊಟ್ಟವನಿಗೂ ಅಭಿಯಾನದಲ್ಲಿ ಏನಾದರೂ ಇದೆಯೇ ಎಂದು ಕೇಳಬಾರದು. ಸಕ್ರಮ ಮಾಡಲು ಅವನ ಹತ್ತಿರ ಏನೂ ಇಲ್ಲ.